ಹೊಸಕೆರೆಹಳ್ಳಿಯಲ್ಲಿ ಕುಂಡದ ಕಡಲೆಕಾಯಿ

ಹೊಸಕೆರೆಹಳ್ಳಿ ಅಂದ ಕೂಡಲೆ ಕೆರೆ, ಏರಿ, ಏರಿಯ ಕೆಳಗೆ ಹಸಿರು ಹೊಲ, ಇವೆಲ್ಲ ಕಣ್ಣ ಮುಂದೆ ಬರುತ್ತವೆ ಅಲ್ಲವೆ? ಬೆಂಗಳೂರಿಗೆ ಬಂದಾಗ ಬನಶಂಕರಿ ಮೂರನೆಯ ಹಂತ ದಾಟಿ, ವರ್ತುಲ ರಸ್ತೆಯ ಕಡೆ ಬಂದು ನೋಡಿ. ಮನೆಗೆ ಮನೆ ಅಂಟಿಕೊಂಡ ಬೀದಿಗಳು, ಕಾಲೇಜಿನ ಎತ್ತರದ ಕಟ್ಟಡಗಳು, ಸಾಲುಗಟ್ಟಿ ನಿಂತ ವಾಹನಗಳು. ಕೆರೆಯೇನೋ ಇದೆ, ಸುಮಾರು 59 ಎಕರೆಯದು. ಆದರೆ ಅದರೊಳಗೆ ಎಷ್ಟೋ ವರ್ಷ ಮಳೆನೀರಿನ ಜೊತೆ ಬಚ್ಚಲ ನೀರೂ ಹರಿದಿದೆ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಆಮೇಲೆ ಬಡಾವಣೆಯ ಮೇಲೆ ಬಡಾವಣೆ ಎದ್ದು, ಈ ಕಡೆಯ ಹೊಲಗಳೆಲ್ಲ ನಿವೇಶನಗಳಾದವು.

ಹೊಲ ಹೋದರೂ ಹೊಲದ ಹಬ್ಬ ಹೋಗಿಲ್ಲ. ಇಲ್ಲಿಂದ ನಾಲ್ಕೈದು ಕಿಲೋಮೀಟರಿನೊಳಗೇ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ಬಸವ ಬಂದು ಮೇಯುತ್ತಿದ್ದನಂತೆ. ಮೊದಲ ಫಸಲು ನಿನಗೇ ಅಂತ ರೈತರು ಹರಕೆ ಹೊತ್ತರಂತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ನಮ್ಮ ದೇಶಕ್ಕೆ ಬಂದ ಬೆಳೆ, ಆದ್ದರಿಂದ ಕಥೆಗೆ ಇಸವಿ ಹುಡುಕಲು ಹೋಗಬೇಡಿ. ಕಥೆಯ ಊರುಗಳು ಮಾತ್ರ ನಿಜ. ಇವತ್ತು ಅವೆಲ್ಲ ಪಟ್ಟಣದ ನಡುಮಧ್ಯೆ ಇವೆ.

ನಮ್ಮ ಬೀದಿಯ ಮಕ್ಕಳೂ ಪರಿಷೆಗೆ ಹೋಗುತ್ತವೆ, ಕಾಯಿ ಸುಲಿದು ತಿನ್ನುತ್ತವೆ, ಬಲೂನು ತರುತ್ತವೆ. ಕಾಯಿ ಎಲ್ಲಿ ಬಿಡುತ್ತೆ ಅಂತ ಒಮ್ಮೆ ಅವರನ್ನು ಕೇಳಿದೆ. ಒಬ್ಬ ‘ಮರದಲ್ಲಿ’ ಅಂದ. ಇನ್ನೊಬ್ಬಳು ‘ಬಳ್ಳಿಯಲ್ಲಿ, ಅವರೆಕಾಯಿ ಥರ’ ಅಂದಳು. ಅಷ್ಟು ಹೊತ್ತಿಗೆ ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಕ್ಕುಬಿಟ್ಟರು. ಅವರು ಹಳೇ ಊರಿನ ಕಡೆಯವರು, ಎಂಬತ್ತು ದಾಟಿದೆ. ಈಗ ಮೂರಂತಸ್ತಿನ ಮನೆ ನಿಂತಿರುವ ಜಾಗದಲ್ಲಿ ಮೊಣಕಾಲೂರಿ ಕಡಲೆಕಾಯಿ ಕಿತ್ತವರು.

“ಹೂವು ಮ್ಯಾಲೆ ಬುಡ್ತದೆ, ಕಾಯಿ ಕೆಳಗ್ ಬುಡ್ತದೆ ಕಣ್ ಮಗಾ. ಮಣ್ಣು ಗಟ್ಟಿಯಾಗ್ಬುಟ್ರೆ ಅದು ಎಲ್ಲಿಗೋಯ್ತದೆ?” ಅಂದರು. ಬಿತ್ತುವುದು ಯಾವಾಗ, ಕೀಳುವುದು ಯಾವಾಗ ಅಂತ ನಾನು ಒಂದೊಂದಾಗಿ ಕೇಳುತ್ತ ಹೋದೆ. ಹೇಳಿ ಮುಗಿಸಿ, “ನನ್ನ ಯಾರ್ ಕೇಳವ್ರೆ ಇದ್ನೆಲ್ಲ?” ಅಂದರು. ಆ ಮಾತು ಮನಸ್ಸಿಗೆ ತಟ್ಟಿತು. ಬೇಸಾಯ ಗೊತ್ತಿದ್ದ ಹೆಂಗಸರು ಈ ಊರಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರ ಮನೆಗಳಲ್ಲೇ ಈಗ ಅಂಗೈಯಗಲ ಮಣ್ಣಿಲ್ಲ, ಮೊಮ್ಮಕ್ಕಳಿಗೆ ಗಿಡ ನೋಡಿ ಗೊತ್ತಿಲ್ಲ. ಇನ್ನು ಹತ್ತು ವರ್ಷ ಕಳೆದರೆ ಕೇಳೋಣವೆಂದರೂ ಹೇಳುವವರು ಇರುವುದಿಲ್ಲ. ನಿಮ್ಮ ಊರಿನಲ್ಲೂ ಇಂಥ ಅಜ್ಜಿಯರಿದ್ದರೆ ಮಕ್ಕಳನ್ನು ಅವರ ಪಕ್ಕ ಕೂರಿಸಿ, ಒಂದು ಕುಂಡ ಮುಂದಿಡಿ.

ಅಜ್ಜಿಯ ಮಾತು ಕೇಳಿಕೊಂಡು ನಾವು ಮಾಡಿದ್ದು ಹೀಗೆ. ಪರಿಷೆಯಲ್ಲಿ ಹುರಿದ ಕಾಯಿಯ ಜೊತೆ ಒಂದು ಸೇರು ಹಸಿ ಕಾಯಿಯನ್ನೂ ತಂದು, ಚಿಪ್ಪಿನ ಸಮೇತ ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟೆವು. ಸಂಕ್ರಾಂತಿ ಕಳೆದು ಚಳಿ ಇಳಿಯುವವರೆಗೂ ಕಾದೆವು. ಹೊಲದಲ್ಲಿ ಮಳೆ ನಂಬಿ ಬಿತ್ತುವವರು ಜೂನ್, ಜುಲೈನಲ್ಲಿ ಬಿತ್ತುತ್ತಾರೆ. ಆದರೆ ಕೈನೀರು ಹಾಕುವ ಮನೆಯವರಿಗೆ ಜನವರಿಯ ಕೊನೆ ಅನುಕೂಲ. ಟಿ.ಎಂ.ವಿ.-2ರಂಥ ಗಿಡ್ಡ ಪೊದೆಯ ಜಾತಿಗಳು ಹೆಚ್ಚುಕಡಿಮೆ ನೂರಹತ್ತು ದಿನಕ್ಕೆ ಕೀಳಲು ಬರುತ್ತವೆ. ಜನವರಿಯ ಕೊನೆಗೆ ಬಿತ್ತಿದರೆ ಮೇ ತಿಂಗಳಲ್ಲಿ, ಬೇಸಿಗೆ ರಜಾ ಇರುವಾಗಲೇ ಕೈಗೆ ಕಾಯಿ.

ಕುಂಡವೇ ಆಗಬೇಕೆಂದಿಲ್ಲ. ಒಡೆದ ಬಕೆಟ್ಟು, ಸಿಮೆಂಟು ಚೀಲ, ಏನಾದರೂ ಸರಿ. ಒಂದಡಿ ಅಗಲ, ಒಂದಡಿ ಆಳ ಇದ್ದು ತಳದಲ್ಲಿ ತೂತಿರಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಹಿಂದೆ ಬೇಸಿಗೆಯಲ್ಲಿ ಕೆರೆಗೋಡು ಎತ್ತಿ ಹೊಲಕ್ಕೆ ಹಾಕುತ್ತಿದ್ದರು, ಅದರಂಥ ಗೊಬ್ಬರ ಇನ್ನೊಂದಿರಲಿಲ್ಲ. ಈಗಿನ ಪಟ್ಟಣದ ಕೆರೆಯ ಹೂಳನ್ನು ಮಾತ್ರ ಮಕ್ಕಳ ಕುಂಡಕ್ಕೆ ತರಬೇಡಿ. ಚರಂಡಿ ನೀರು ಹರಿದ ಕಡೆಯ ಮಣ್ಣು ಮಕ್ಕಳ ಕೈಗೂ ಬಾಯಿಗೂ ಒಳ್ಳೆಯದಲ್ಲ.

ಬಿತ್ತುವ ದಿನವೇ ಚಿಪ್ಪು ಸುಲಿಯಿರಿ. ಬೀಜದ ಕೆಂಪು ಸಿಪ್ಪೆ ಹರಿದಿದ್ದರೆ ಅದು ಮಣ್ಣಿನಲ್ಲಿ ಕೊಳೆಯುತ್ತೆ, ಪಕ್ಕಕ್ಕಿಡಿ. ಮಗುವಿನ ತೋರುಬೆರಳು ಎರಡು ಗೆಣ್ಣು ಇಳಿಯುವಷ್ಟು ಗುಳಿ ಮಾಡಿಸಿ ಒಂದೊಂದಕ್ಕೆ ಒಂದೊಂದು ಬೀಜ. ಒಂದು ಕುಂಡಕ್ಕೆ ಮೂರು ಸಾಕು. ಇನ್ನೊಂದು ಡಬ್ಬಿಯಲ್ಲಿ ಹುರಿದ ಬೀಜವನ್ನೂ ಹಾಕಿಸಿ. ಒಂದು ಮೊಳೆಯುತ್ತೆ, ಇನ್ನೊಂದು ಇಲ್ಲ. ಬೀಜಕ್ಕೆ ಜೀವ ಇದೆ ಅಂತ ಬಾಯಲ್ಲಿ ಹೇಳುವ ಪ್ರಮೇಯವೇ ಬರುವುದಿಲ್ಲ. ಅಳಿಲು, ಇಲಿ ಬೀಜ ಎತ್ತಿಕೊಂಡು ಹೋಗುತ್ತವೆ, ಮೊಳಕೆ ಏಳುವವರೆಗೆ ಹಳೇ ಜರಡಿಯೊಂದನ್ನು ಬೋರಲು ಹಾಕಿಡಿ.

ಚಿಕ್ಕ ಮಕ್ಕಳಿಗೆ ಒಂದು ವಾರ ಅಂದರೆ ಒಂದು ವರ್ಷ. ಅದಕ್ಕೆ ಪಕ್ಕದಲ್ಲೇ ಒಂದು ತಟ್ಟೆಯಲ್ಲಿ ಅಡುಗೆಮನೆಯ ಮೆಂತ್ಯ ಉದುರಿಸಿ. ಮೂರು ನಾಲ್ಕು ದಿನಕ್ಕೆ ಏಳುತ್ತೆ, ತಿಂಗಳೊಳಗೆ ಸೊಪ್ಪಾಗುತ್ತೆ. ಕಡಲೆಕಾಯಿ ವಾರ, ಹತ್ತು ದಿನಕ್ಕೆ ಮಣ್ಣು ಸೀಳಿಕೊಂಡು ಬರುತ್ತೆ. ಅವರೆ ಹಾಕಬಹುದೇ ಅಂತ ಕೇಳುವವರಿಗೆ ಒಂದು ಮಾತು: ಹಳೇ ನಾಟಿ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುವುದು. ಬೇಸಿಗೆಯಲ್ಲಿ ಹಾಕಿದರೆ ಬಳ್ಳಿ ಹಬ್ಬುತ್ತೆ, ಕಾಯಿ ಕಾಣದೆ ಮಕ್ಕಳು ಬೇಸರಪಡುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ತಯಾರು ಮಾಡಿದ ಹೆಬ್ಬಾಳ ಅವರೆಗೆ ಈ ಕಟ್ಟಳೆ ಇಲ್ಲ.

ಈಗ ತಾಯಂದಿರು ಗಮನವಿಟ್ಟು ಓದಬೇಕಾದ ವಿಷಯ. ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಕಡಲೆಬೀಜ ಕೊಟ್ಟು ಅತ್ತ ಹೋಗಬೇಡಿ. ನಗುವಾಗ, ಓಡುವಾಗ ಅದು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಮೂಗಿಗೆ ತುರುಕಿಕೊಳ್ಳುವುದಂತೂ ಇದ್ದದ್ದೇ. ನೀವೇ ಪಿನ್ನು ಹಾಕಿ ಕೆದಕದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಂಗಡಿಯ ಬಿತ್ತನೆ ಬೀಜಕ್ಕೆ ಕೆಂಪು, ಹಸಿರು ಬಣ್ಣ ಇದ್ದರೆ ಅದು ಔಷಧಿ ಸವರಿದ ಬೀಜ, ಮಕ್ಕಳು ಮುಟ್ಟಬಾರದು. ಆಟಕ್ಕೆ ಆರಿಸಿಕೊಂಡು ಬರುವ ಹರಳು, ಗುಲಗಂಜಿ, ದತ್ತೂರಿ ಬೀಜಗಳು ವಿಷ. ಅಂಥವು ಕುಂಡದ ಹತ್ತಿರ ಸುಳಿಯದಿರಲಿ.

ಗಿಡ ಬೆಳೆಯತೊಡಗಿದ ಮೇಲೆ ನೋಡಬೇಕು ಅದರ ಚೆಂದ. ದೀಪ ಹಚ್ಚುವ ಹೊತ್ತಿಗೆ ಅದು ತನ್ನ ಎಲೆಗಳನ್ನು ಜೋಡಿ ಜೋಡಿಯಾಗಿ ಮಡಚಿಕೊಂಡು ಮಲಗಿಬಿಡುತ್ತೆ. ಬೆಳಿಗ್ಗೆ ಮತ್ತೆ ಬಿಚ್ಚುತ್ತೆ. ಆರು ವರ್ಷದ ನಮ್ಮ ಮೊಮ್ಮಗಳು ಕುಂಡದ ಹತ್ತಿರ ‘ಶ್‌, ನಿದ್ದೆ ಮಾಡ್ತಿದೆ’ ಅಂತ ಪಿಸುಗುಟ್ಟುತ್ತಿದ್ದಳು. ತಿಂಗಳಾದ ಮೇಲೆ ಬುಡದಲ್ಲಿ ಪುಟ್ಟ ಹಳದಿ ಹೂವು. ಬೆಳಿಗ್ಗೆ ಅರಳಿದ್ದು ಅವತ್ತೇ ಬಾಡುತ್ತೆ. ಬಾಡಿದ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಹೊರಟು ನೆಲದ ಕಡೆ ಬಾಗುತ್ತೆ, ಮಣ್ಣಿಗೆ ಚುಚ್ಚಿಕೊಳ್ಳುತ್ತೆ. ಆ ತುದಿಯೇ ಕತ್ತಲಲ್ಲಿ ಉಬ್ಬಿ ಕಾಯಿಯಾಗುವುದು. ಒಂದು ಕಡ್ಡಿಯನ್ನು ಮಣ್ಣಿಗೆ ತಾಗದಂತೆ ಎತ್ತಿ ದಾರ ಕಟ್ಟಿ ನೋಡಿ, ಅದರಲ್ಲಿ ಕಾಯಿ ಕಟ್ಟುವುದಿಲ್ಲ. ಅಜ್ಜಿ ಮಣ್ಣು ಮೆತ್ತಗಿರಲಿ ಅಂದದ್ದು ಇದಕ್ಕೇ. ಹೂ ಬಿಡುವ ಮೊದಲೇ ಮಣ್ಣು ಕೆದಕಿ ಬುಡಕ್ಕೆ ಏರಿಸಿ. ಕಡ್ಡಿ ಇಳಿದ ಮೇಲೆ ಕೈ ಹಾಕಬೇಡಿ. ರೈತರು ಈ ಸಮಯಕ್ಕೆ ಜಿಪ್ಸಂ ಕೊಡುತ್ತಾರೆ, ಕುಂಡಕ್ಕೆ ಒಂದು ಟೀ ಚಮಚ ಸಾಕು; ಕಾಯಿ ಜೊಳ್ಳಾಗುವುದಿಲ್ಲ.

ಇನ್ನು ಎರಡು ತಿಂಗಳು ಮೇಲೆ ಏನೂ ಕಾಣಿಸುವುದಿಲ್ಲ, ಮಕ್ಕಳು ದಿನಾ ‘ಕೀಳೋಣವಾ’ ಅನ್ನುತ್ತವೆ. ಎಲೆ ಹಳದಿ ತಿರುಗಿದ ಮೇಲೆ ಮಣ್ಣಿನಲ್ಲಿ ಬೆರಳಾಡಿಸಿ ಒಂದೇ ಒಂದು ಕಾಯಿ ತೆಗೆದು ಒಡೆಯಿರಿ. ಚಿಪ್ಪಿನ ಒಳಮೈ ಕಂದು ತಿರುಗಿದ್ದರೆ ಬಲಿತಿದೆ, ಬೆಳ್ಳಗಿದ್ದರೆ ಇನ್ನೂ ಎಳಸು. ಗಿಡ ಕಿತ್ತಾಗ ಬೇರಿನಲ್ಲಿ ರಾಗಿಕಾಳಿನಷ್ಟು ಗಂಟುಗಳು ಕಾಣುತ್ತವೆ, ಅದು ರೋಗವಲ್ಲ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣುಗಳ ಮನೆ ಅವು. ಬೇರನ್ನು ಅದೇ ಮಣ್ಣಿಗೆ ಸೇರಿಸಿ, ಮುಂದೆ ಹಾಕುವ ಸೊಪ್ಪು ಸೊಗಸಾಗಿ ಬರುತ್ತೆ.

ಒಂದು ಗಿಡಕ್ಕೆ ಹತ್ತು ಹದಿನೈದು ಕಾಯಿ ಸಿಕ್ಕರೆ ಚೆನ್ನಾಗಿ ಬಂತು ಅನ್ನಿ. ನಮ್ಮಲ್ಲಿ ಮೂರು ಗಿಡದಿಂದ ಎರಡು ಬೊಗಸೆಯಾಯಿತು. ಮಣ್ಣು ತೊಳೆದು, ಕಾಯಿ ಮುಳುಗುವಷ್ಟು ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ, ಆರುವವರೆಗೂ ನೀರಿನಲ್ಲೇ ಬಿಡಿ, ಉಪ್ಪು ಒಳಗೆ ಇಳಿಯಲಿ. ಬೂಸ್ಟು ಹಿಡಿದ ಕಾಯಿ ಕಂಡರೆ ಎಸೆದುಬಿಡಿ. ಅಜ್ಜಿಗೆ ಒಂದು ಬಟ್ಟಲು ಬೇಯಿಸಿದ ಕಾಯಿ ಮೊಮ್ಮಗಳ ಕೈಲೇ ಕಳಿಸಿದೆ. ಹಲ್ಲಿಲ್ಲದಿದ್ದರೂ ಒಂದೊಂದೇ ಚೀಪಿದರಂತೆ. ಬಟ್ಟಲನ್ನು ಬರಿದು ಮಾಡಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಸಾಸಿವೆ ಹಾಕಿ ಕಳಿಸಿದ್ದರು.