ಇಳಿದು ನಡೆಯುವವನ ಬೂಟು

ಸೈಕಲ್ ಮೇಲೆ ಊರೂರು ತಿರುಗುವವನನ್ನು ಜನ ಕೇಳುವ ಮೊದಲ ಪ್ರಶ್ನೆ ಸೈಕಲ್ಲಿನ ಬೆಲೆಯದು. ಎರಡನೆಯದು, ಅದಕ್ಕೆ ಎಷ್ಟು ಗೇರು ಎಂಬುದು. ಕಾಲಿಗೆ ಏನು ಹಾಕಿಕೊಂಡಿದ್ದೀರಿ ಎಂದು ಕೇಳುವವರು ಬಹಳ ಅಪರೂಪ. ಆದರೆ ಈ ಪ್ರವಾಸ ಹೆಸರಿಗೆ ಮಾತ್ರ ಸೈಕಲ್ಲಿನದು. ಏರು ಬಂದರೆ ಇಳಿದು ತಳ್ಳಬೇಕು. ಪಂಕ್ಚರ್ ಆದರೆ ಅಂಗಡಿ ಸಿಗುವವರೆಗೆ ನಡೆಯಬೇಕು. ನದಿ ಕಂಡರೆ ಸೋಪಾನ ಇಳಿಯಬೇಕು. ಸಂತೆ ಕಂಡರೆ ನುಗ್ಗಬೇಕು. ಇಳಿಯುವುದೇ ಬೇಡವೆನ್ನುವವನಿಗೆ ಮನೆಯೊಳಗೇ ನಿಂತಲ್ಲಿ ತುಳಿಯುವ ಯಂತ್ರಗಳಿವೆ. ಆದ್ದರಿಂದ ಸೈಕಲ್ ಪ್ರವಾಸಿಯ ಬೂಟು ಪೆಡಲಿಗೂ ಒಪ್ಪಬೇಕು, ನೆಲಕ್ಕೂ ಒಪ್ಪಬೇಕು. ಇಬ್ಬರು ಯಜಮಾನರ ಕೈಕೆಳಗೆ ದುಡಿಯುವ ಗುಮಾಸ್ತನ ಪಾಡು ಅದರದು.

ಈ ವಿಷಯದಲ್ಲಿ ನನಗೆ ಇಷ್ಟೊಂದು ಆಸ್ಥೆ ಏಕೆಂದರೆ, ನನಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಕಳೆದ ವರ್ಷ ನಮ್ಮ ಡಾಕ್ಟರು ಮೀನು ಹಿಡಿಯುವ ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ತೆಗೆದು, "ಕಣ್ಣು ಮುಚ್ಚಿಕೊಳ್ಳಿ, ತಾಗಿದಾಗ ಹೇಳಿ" ಎಂದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಒಂದೊಂದಾಗಿ ಅಂಗಾಲಿನ ಹಲವು ಕಡೆ ಮುಟ್ಟಿದರು. ನಾನು ಹೂಂ, ಹೂಂ ಎನ್ನುತ್ತ ಬಂದೆ. ಕಣ್ಣು ತೆರೆದ ಮೇಲೆ, ಬಲಗಾಲಿನ ಎರಡು ಕಡೆ ಮುಟ್ಟಿದ್ದು ನನಗೆ ತಿಳಿಯಲೇ ಇಲ್ಲವೆಂದು ಅವರು ಹೇಳಿದರು. ನನ್ನದೇ ಕಾಲು, ಮುಟ್ಟಿದವರು ಎದುರಿಗೇ ಕುಳಿತಿದ್ದಾರೆ, ನನಗೆ ಸುದ್ದಿಯಿಲ್ಲ! ನೋವು ಎಂಬುದು ದೇಹದ ಕಾವಲುಗಾರ. ಅವನು ನಿದ್ದೆ ಹೋದರೆ ಗುಳ್ಳೆ ಹುಣ್ಣಾಗುವುದು, ಹುಣ್ಣು ಕೀವಾಗುವುದು ಯಾರಿಗೂ ಗೊತ್ತಾಗುವುದಿಲ್ಲ. ಬೆರಳನ್ನೋ ಪಾದವನ್ನೋ ಕಳೆದುಕೊಂಡವರ ಕತೆ ಹೆಚ್ಚಾಗಿ ಒಂದು ಸಣ್ಣ ಗುಳ್ಳೆಯಿಂದಲೇ ಆರಂಭವಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ನಾಲ್ಕನ್ನೂ ಸೈಕಲ್ಲಿನಲ್ಲಿ ಸುತ್ತಿ ಬರುವ ಆಲೋಚನೆಯನ್ನು ನಾನು ತಿಳಿಸಿದಾಗ ನನ್ನ ಹೆಂಡತಿ, "ಕಾಲು ನೋಡಿಕೊಂಡು ಮನೆಯಲ್ಲಿರಿ ಅಂದರೆ ಕೋಟೆ ಕಾಡು ಅಂತೀರಲ್ಲ ರೀ!" ಎಂದಳು. ಡಾಕ್ಟರು ಮಾತ್ರ ಬೇಡವೆನ್ನಲಿಲ್ಲ. ಸೈಕಲ್ಲಿನಲ್ಲಿ ಮೈಭಾರವನ್ನು ಬಹುಮಟ್ಟಿಗೆ ಸೀಟು ಹೊರುತ್ತದೆ, ಪಾದಕ್ಕೆ ನಡಿಗೆಗಿಂತ ಶ್ರಮ ಕಡಿಮೆ. "ಹೋಗಿಬನ್ನಿ. ಆದರೆ ಬೂಟು ಆರಿಸುವಾಗ ಮಗಳಿಗೆ ಗಂಡು ಹುಡುಕುವಷ್ಟು ಎಚ್ಚರವಿರಲಿ" ಎಂದರು.

ಹಾಗೆಯೇ ಹುಡುಕಿದೆ. ಅಂಗಡಿಗೆ ಹೋದದ್ದು ಸಂಜೆ. ದಿನವಿಡೀ ಓಡಾಡಿದ ಪಾದ ಸಂಜೆಗೆ ಕೊಂಚ ಊದಿಕೊಳ್ಳುತ್ತದೆ, ಬೆಳಗ್ಗೆ ಸರಿಯಾಗಿ ಹಿಡಿದ ಬೂಟು ಸಂಜೆ ಸೆರೆಮನೆಯಾದೀತು. ಪ್ರವಾಸದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡು ಕಾಲಿಗೂ ತೊಟ್ಟು, ಕೂತಲ್ಲ, ನಿಂತು ನೋಡಿದೆ. ಎರಡು ಪಾದ ಒಂದೇ ಅಳತೆಯಲ್ಲಿರುವ ಮನುಷ್ಯರು ಕಡಿಮೆ. ಮುಂದುಗಡೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಏಳು, ಎಂಟು ಎಂದು ನಾವು ಹೇಳುವ ನಂಬರು ಇಂಗ್ಲಿಷರ ಲೆಕ್ಕ. ಒಂದು ನಂಬರಿಗೂ ಮುಂದಿನದಕ್ಕೂ ಒಂದು ಬಾರ್ಲಿ ಕಾಳಿನ ವ್ಯತ್ಯಾಸ, ಅಂದರೆ ಇಂಚಿನಲ್ಲಿ ಮೂರನೆಯ ಒಂದು ಪಾಲು. ಈ ಲೆಕ್ಕ ಉದ್ದವನ್ನು ಹೇಳುತ್ತದೆಯೇ ಹೊರತು ಅಗಲವನ್ನಲ್ಲ. ಬಾಲ್ಯವಿಡೀ ಬರಿಗಾಲಲ್ಲಿ ಓಡಿದ, ಆಮೇಲೆ ಚಪ್ಪಲಿಯಲ್ಲೇ ಕಾಲ ಕಳೆದ ನಮ್ಮ ಬೆರಳುಗಳು ಸಂಸಾರವಂದಿಗರಂತೆ ಹರಡಿಕೊಂಡಿರುತ್ತವೆ. ಮೂತಿ ಚೂಪಾದ ಬೂಟಿನಲ್ಲಿ ಅವಕ್ಕೆ ಬಿಡಾರವಿಲ್ಲ.

ಅಂಗಡಿಯ ಹುಡುಗ ಓಟಗಾರರು ತೊಡುವ ಮೆತ್ತನೆಯ ಬೂಟನ್ನು ತಂದು, "ಬೆಣ್ಣೆ ಇದ್ದಹಾಗಿದೆ ಸಾರ್" ಎಂದ. ಬೆಣ್ಣೆ ರೊಟ್ಟಿಗೆ ಸರಿ, ಪೆಡಲಿಗೆ ಅಲ್ಲ. ಅಟ್ಟೆ ಮೆತ್ತಗಿದ್ದರೆ ಅದು ಪೆಡಲಿನ ಮೇಲೆ ಮಡಿದುಕೊಳ್ಳುತ್ತದೆ. ತುಳಿದ ಬಲವೆಲ್ಲ ಅಂಗಾಲಿನ ಒಂದೇ ಪಟ್ಟಿಯ ಮೇಲೆ ಬಿದ್ದು, ಸ್ವಲ್ಪ ದೂರದಲ್ಲೇ ಬೆರಳುಗಳು ಜೋಮು ಹಿಡಿಯುತ್ತವೆ. ಹಲಗೆಯಂತೆ ಬಿರುಸಾದ ಅಟ್ಟೆ ಆ ಬಲವನ್ನು ಪಾದದಗಲಕ್ಕೂ ಹಂಚುತ್ತದೆ. ಆದರೆ ಹಲಗೆ ಕಟ್ಟಿಕೊಂಡು ನಡೆಯಲಾಗದು, ನಡೆಯುವಾಗ ಪಾದ ಬೆರಳಿನ ಬುಡದಲ್ಲಿ ಬಾಗಬೇಕು. ನಮಗೆ ಬೇಕಾದದ್ದು ನಡುವಿನದು. ಬೂಟಿನ ಮೂತಿಯನ್ನೂ ಹಿಮ್ಮಡಿಯನ್ನೂ ಹಿಡಿದು ಅದುಮಿದರೆ ಅದು ಬೆರಳು ಬಾಗುವೆಡೆಯಲ್ಲಿ ಮಾತ್ರ ಒಲ್ಲದ ಮನಸ್ಸಿನಿಂದ ಬಾಗಬೇಕು, ನಡುಭಾಗದಲ್ಲಿ ಬಾಗಕೂಡದು, ಬಟ್ಟೆ ಹಿಂಡುವಂತೆ ತಿರುಚಿದರೆ ತಿರುಚಿಕೊಳ್ಳಕೂಡದು. ಅಡಿಯ ರಬ್ಬರು ಪೆಡಲಿನ ಹಲ್ಲನ್ನು ಕಚ್ಚುವಷ್ಟು ಒರಟಾಗಿರಬೇಕು, ಊರ ಕೆಸರನ್ನೆಲ್ಲ ಹೊತ್ತು ತರುವಷ್ಟು ಆಳದ ಹಲ್ಲು ಬೇಡ. ಲಾಡಿ ಉದ್ದವಿರಬಾರದು, ಬಲಗಾಲಿನ ಲಾಡಿ ಬಿಚ್ಚಿಕೊಂಡರೆ ಚೈನು ಅದನ್ನು ಕಬ್ಬಿನ ಗಾಣದಂತೆ ಒಳಗೆಳೆದುಕೊಳ್ಳುತ್ತದೆ. ಕೊನೆಗೆ ಬೆಟ್ಟ ಹತ್ತುವವರಿಗೆಂದು ಮಾಡಿದ, ಕಣಕಾಲಿಗಿಂತ ಕೆಳಗೆ ನಿಲ್ಲುವ, ಮೂತಿ ಅಗಲವಾದ ಒಂದು ಜೊತೆಯನ್ನು ಕೊಂಡೆ. ಹೊರಡುವ ಮುಂಚೆ ಮೂರು ವಾರ, ಮೊದಲು ದಿನಕ್ಕೊಂದು ಗಂಟೆ, ಆಮೇಲೆ ಎರಡು ಎಂದು ಅದರೊಡನೆ ಪರಿಚಯ ಬೆಳೆಸಿದೆ.

ಜೊತೆಗೆ ಹೊರಟವನು ನನ್ನ ತಂಗಿಯ ಮಗ. ಅವನದು ಪಂದ್ಯದ ಸೈಕಲ್ಲು, ಪಂದ್ಯದ ಬೂಟು. ಅದರಡಿಯಲ್ಲಿ ಕ್ಲೀಟ್ ಎಂಬ ಒಂದು ತುಂಡು ಚಾಚಿಕೊಂಡಿರುತ್ತದೆ. ಅದು ಪೆಡಲಿಗೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಹಿಮದ ಮೇಲೆ ಜಾರುವವರ ಬೂಟು ಬಂಧಿಸುವ ಉಪಾಯವನ್ನು ಲುಕ್ ಎಂಬ ಫ್ರೆಂಚ್ ಸಂಸ್ಥೆ 1984ರಲ್ಲಿ ಸೈಕಲ್ಲಿಗೆ ತಂದಿತು. ಮರುವರ್ಷವೇ ಬರ್ನಾರ್ ಇನೋ ಅದನ್ನು ತುಳಿದು ಟೂರ್ ದ ಫ್ರಾನ್ಸ್ ಗೆದ್ದ. ಗೆದ್ದವನು ಇಳಿದು ನಡೆಯಬೇಕಾದದ್ದು ವೇದಿಕೆಯವರೆಗೆ ಮಾತ್ರ. ಇಳಿದು ನಡೆಯುವ ಬಡಪಾಯಿಗಳ ಯೋಚನೆ ಜಪಾನಿನ ಶಿಮಾನೋ ಸಂಸ್ಥೆಗೆ ಬಂತು. 1990ರಲ್ಲಿ ಅವರು ಕ್ಲೀಟನ್ನು ಚಿಕ್ಕದು ಮಾಡಿ ಅಟ್ಟೆಯ ಗುಳಿಯೊಳಗೆ ಅಡಗಿಸಿದರು. ನಡೆದರೆ ರಬ್ಬರು ನೆಲ ಮುಟ್ಟುತ್ತದೆ, ತುಳಿದರೆ ಕ್ಲೀಟು ಪೆಡಲನ್ನು ಮುಟ್ಟುತ್ತದೆ. ಕಾಲು ಕಚ್ಚಿಸಿಕೊಂಡೇ ತೀರಬೇಕೆನ್ನುವವರಿಗೆ ಅದು ತಕ್ಕದ್ದು. ನಮ್ಮ ಹುಡುಗನದು ಮೊದಲ ಜಾತಿ. "ಮಾವ, ಒಂದೊಂದು ತುಳಿತವೂ ವ್ಯರ್ಥವಾಗಲ್ಲ ಇದರಲ್ಲಿ" ಎಂದ. "ಆಗಲಪ್ಪ, ನಡೆದಾಗ ನೋಡೋಣ" ಎಂದೆ.

ನಡೆದದ್ದು ಚುಂಚನಕಟ್ಟೆಯಲ್ಲಿ. ಮೈಸೂರಿನಿಂದ ಸುಮಾರು ನಲವತ್ತು ಕಿಲೋಮೀಟರು ತುಳಿದು ಕೃಷ್ಣರಾಜನಗರ ಸೇರಿದೆವು. ಕಾವೇರಿಯ 1924ರ ಪ್ರವಾಹ ಹಳೆಯ ಎಡತೊರೆಯನ್ನು ನುಗ್ಗಾಗಿಸಿದ ಮೇಲೆ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಟ್ಟಿದ ಊರು. ಅಗಲವಾದ ನೇರ ಬೀದಿಗಳು, ಸುತ್ತ ಭತ್ತದ ಗದ್ದೆ. ನದಿದಡದ ಅರ್ಕೇಶ್ವರನನ್ನು ನೋಡಿಕೊಂಡು ಚುಂಚನಕಟ್ಟೆಗೆ ಬಂದಾಗ ಕಾವೇರಿ ಅಕ್ಟೋಬರಿನ ನೀರನ್ನು ತುಂಬಿಕೊಂಡು ಬಂಡೆಯಿಂದ ಬಂಡೆಗೆ ಧುಮುಕುತ್ತಿದ್ದಳು. ಬಂಡೆಯ ಮೇಲೆ ನನ್ನ ಸೋದರಳಿಯನ ಬೂಟು ಟಕ್ ಟಕ್ ಎಂದಿತು, ಜಾರಿತು, ಮತ್ತೆ ಟಕ್ ಎಂದಿತು. ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಮುದುಕರೊಬ್ಬರು ಬಹಳ ಹೊತ್ತು ನೋಡಿ, "ಏನ್ ಬುದ್ಧಿ, ಕಾಲ್ಗೆ ಲಾಳ ಕಟ್ಟಿಸ್ಕಂಡಿದ್ದೀರಾ?" ಎಂದರು. ಪ್ರತಿ ವರ್ಷ ಜನವರಿಯಲ್ಲಿ ದನಗಳ ಜಾತ್ರೆ ನಡೆಯುವ ಸ್ಥಳ ಅದು. ಅಲ್ಲಿಯವರು ಲಾಳದ ವಿಷಯದಲ್ಲಿ ಹೇಳಿದ ಮಾತಿಗೆ ಮೇಲ್ಮನವಿ ಇಲ್ಲ. ಹುಡುಗ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡ.

ಕಳಚುವ ಮಾತು ಬಂತಲ್ಲ; ಬೂಟಿನ ಬಗ್ಗೆ ಬರೆಯುವ ಪಾಶ್ಚಾತ್ಯರು ಹೇಳದ ಒಂದು ಲಕ್ಷಣ ನಮ್ಮ ನಾಡಿನಲ್ಲಿ ಅವಶ್ಯ. ಬೂಟು ಬೇಗ ಕಳಚಿ ಬೇಗ ತೊಡುವಂತಿರಬೇಕು. ಅರ್ಕೇಶ್ವರನಲ್ಲಿ ಒಮ್ಮೆ, ಕೋದಂಡರಾಮನಲ್ಲಿ ಒಮ್ಮೆ, ನೀರು ಕೇಳಲು ಹೋದ ಮನೆಯವರು ಒಳಕ್ಕೆ ಬನ್ನಿ ಎಂದಾಗ ಇನ್ನೊಮ್ಮೆ, ಹೀಗೆ ಒಂದು ದಿನ ಏಳು ಸಲ ಬಿಚ್ಚಿ ಕಟ್ಟಿದೆ. ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಹುಡುಗ ಬರಿಗಾಲಲ್ಲಿ ಹತ್ತಿದ. ಬರಿಗಾಲು ನನಗೆ ಡಾಕ್ಟರ ನಿಷೇಧ. ಬಿಸಿಲಿಗೆ ಕಾದ ಕಲ್ಲು ಸುಟ್ಟರೂ ನನ್ನ ಪಾದ ನನಗೆ ವರದಿ ಮಾಡದೆ ಹೋಗಬಹುದು. ಕೆಳಗೆ ಮರದ ನೆರಳಿನಲ್ಲಿ ಅವನ ಬೂಟನ್ನು ಕಾಯುತ್ತ ನಂದಿಗ್ರಾಮದ ಭರತನಂತೆ ಕುಳಿತೆ. ಬೈಲಕುಪ್ಪೆಯಲ್ಲಿ, 1960ರ ಸುಮಾರಿಗೆ ಬಂದು ನೆಲೆಸಿದ ಟಿಬೆಟನ್ನರ ನಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಮುಂದೆ ಉಣ್ಣೆಯ ಕಾಲುಚೀಲದಲ್ಲೇ ನಿಂತೆ. ಹತ್ತಿಯ ಚೀಲ ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿದು ಚರ್ಮವನ್ನು ಉಜ್ಜುತ್ತದೆ. ತೆಳು ಉಣ್ಣೆ ಒದ್ದೆಯಾದರೂ ಅಷ್ಟು ಉಜ್ಜುವುದಿಲ್ಲ.

ಪಿರಿಯಾಪಟ್ಟಣದಿಂದ ಹುಣಸೂರಿಗೆ ಬರುವ ಹಾದಿಯಲ್ಲಿ ತಂಬಾಕಿನ ಹೊಲ, ಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಕೊನೆಯ ಎಲೆಗಳನ್ನು ಕೊಯ್ಯುತ್ತಿದ್ದ ಹೆಂಗಸರಲ್ಲಿ ಹಲವರು ಬರಿಗಾಲಿನಲ್ಲೇ ಇದ್ದರು. ಅವರ ಮುಂದೆ ಅಟ್ಟೆಯ ಬಿರುಸು, ಮೂತಿಯ ಅಗಲ ಎಂದು ಚರ್ಚೆ ಮಾಡುತ್ತ ಹೋಗುವುದಕ್ಕೆ ನಾಲಿಗೆ ಏಳಲಿಲ್ಲ. ಮೆಟ್ಟು ನಮ್ಮ ದೇಶದಲ್ಲಿ ಎಂದೂ ಬರೀ ಸೌಕರ್ಯದ ವಸ್ತುವಾಗಿರಲಿಲ್ಲ. ಅದನ್ನು ಹೊಲಿದವರೇ ಅದನ್ನು ತೊಟ್ಟು ಮೇಲಿನವರ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಹರಳಯ್ಯ, ಬಸವಣ್ಣನವರಿಗಾಗಿ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದನೆಂದೂ, ಬಸವಣ್ಣನವರು ಅದನ್ನು ಕಾಲಿಗೆ ತೊಡದೆ ತಲೆಯ ಮೇಲೆ ಹೊತ್ತರೆಂದೂ ಕತೆ. ಆ ಕತೆಯನ್ನು ಕೇಳಿ ಕಣ್ಣೊರೆಸಿಕೊಂಡ ಜನವೇ ಹೊಲಿಯುವವರನ್ನು ಊರ ಹೊರಗಿಟ್ಟರು.

ಹುಣಸೂರಿಗೂ ಬೂಟಿಗೂ ಹಳೆಯ ನಂಟು. ಅಮೃತಮಹಲ್ ದನಗಳ ಮುಖ್ಯ ಠಾಣೆಯಾಗಿದ್ದ ಈ ಊರಿನಲ್ಲಿ ಬ್ರಿಟಿಷ್ ಸೈನ್ಯದ ಸರಬರಾಜು ಇಲಾಖೆಯವರು ಚರ್ಮ ಹದ ಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ನಡೆಸುತ್ತಿದ್ದರು. 1864ರಲ್ಲಿ ಅವು ಮುಚ್ಚಿದವು. ಆದರೆ ಕಲಿತ ಕೈಗಳು ಊರಿನಲ್ಲೇ ಉಳಿದು, ಹುಣಸೂರಿನ ಬೂಟಿಗೂ ಚರ್ಮದ ಚೀಲಕ್ಕೂ ಆಮೇಲೂ ಬಹುಕಾಲ ಹೆಸರಿತ್ತು.

ಊರಿನ ಬಸ್ ನಿಲ್ದಾಣದ ಹತ್ತಿರ ಕೊಡೆಯ ಕೆಳಗೆ ಕುಳಿತಿದ್ದ ಒಬ್ಬ ವೃದ್ಧರ ಬಳಿ ಹುಡುಗ ತನ್ನ ಕಿತ್ತುಹೋದ ಪಟ್ಟಿಯನ್ನು ಹೊಲಿಸಲು ನಿಂತ. ನಾನು, "ಯಜಮಾನರೇ, ನನ್ನದನ್ನೂ ಒಂದು ಸಲ ನೋಡಿಬಿಡಿ" ಎಂದು ಬಿಚ್ಚಿ ಕೊಟ್ಟೆ. ಅವರು ಅಟ್ಟೆ ನೋಡಲಿಲ್ಲ, ಹೊಲಿಗೆ ನೋಡಲಿಲ್ಲ. ಕೈಯನ್ನು ಒಳಕ್ಕೆ ಹಾಕಿ, ಬೆರಳಿಂದ ಮೂತಿಯವರೆಗೂ ನಿಧಾನವಾಗಿ ತಡವಿದರು. ಒಂದು ಕಡೆ ಕೈ ನಿಂತಿತು.

"ಇಲ್ಲೊಂದು ಮಡಿಕೆ ಎದ್ದೈತಲ್ಲ ಸ್ವಾಮಿ. ಕಿರುಬೆರಳಿಗೆ ಒತ್ತಲ್ವಾ?"

"ಒತ್ತಿದರೂ ನನಗೆ ಗೊತ್ತಾಗುವುದಿಲ್ಲ" ಎಂದೆ.

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. "ಸಕ್ರೆನಾ?" ಎಂದರು. ಹೌದೆಂದೆ. ಮತ್ತೇನೂ ಕೇಳದೆ, ಕಾಲುಚೀಲ ತೆಗೆಸಿ ಕಿರುಬೆರಳನ್ನು ನೋಡಿದರು. ಕೊಂಚ ಕೆಂಪಾಗಿತ್ತು, ಚರ್ಮ ಒಡೆದಿರಲಿಲ್ಲ. ಎರಡು ದಿನದ ಬೆವರಿಗೆ ಒಳಗಿನ ಬಟ್ಟೆಯ ಅಂಟು ಬಿಟ್ಟು ಮಡಿಕೆಯೆದ್ದಿತ್ತು. ಅದನ್ನು ಕತ್ತರಿಸಿ, ಅಂಟು ಹಚ್ಚಿ, ತೆಳುವಾದ ಚರ್ಮದ ತುಣುಕೊಂದನ್ನು ಕೂರಿಸಿ, ಅಂಚು ಉಳಿಯದಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಮತ್ತೆ ಕೈ ಹಾಕಿ ತಡವಿದರು. "ನಮ್ಮ ಮನೇಲೂ ಐತೆ ಸ್ವಾಮಿ. ದಿನಾ ಹಿಂಗೆ ಕೈ ಹಾಕಿ ನೋಡ್ಕಂಡು ಮೆಟ್ಕಳಿ" ಎಂದರು. ಡಾಕ್ಟರೂ ಇದನ್ನೇ ಹೇಳಿದ್ದರು. ಆದರೆ ಅವರ ಕೈ ಬೂಟಿನೊಳಗೆ ಹೋಗಿರಲಿಲ್ಲ. ನನ್ನ ಪಾದ ಮರೆತ ಕೆಲಸವನ್ನು ಆ ಬೆರಳುಗಳು ಮಾಡಿದ್ದವು. ಮೂವತ್ತು ರೂಪಾಯಿ ಕೇಳಿದರು. ಹೆಚ್ಚಿಗೆ ಕೊಟ್ಟದ್ದನ್ನು ಎಣಿಸಿ ಹಿಂದಕ್ಕೆ ಕೊಟ್ಟರು.

ಕೋಟೆಯ ಕಡೆಗೆ ಹೊರಟ ದಿನ ಮಳೆ ಹಿಡಿಯಿತು. ಹತ್ತಿ ಹೊಲದ ಎರೆ ಮಣ್ಣು ಚಕ್ರಕ್ಕೆ ಮೆತ್ತಿ, ಎರಡು ಕಿಲೋಮೀಟರಿನಷ್ಟು ಸೈಕಲ್ಲುಗಳನ್ನು ತಳ್ಳಿಕೊಂಡು ನಡೆದೆವು. ಹುಡುಗನ ಕ್ಲೀಟಿನೊಳಗೆ ಮಣ್ಣು ಸೇರಿ, ಆಮೇಲೆ ಕಡ್ಡಿಯಿಂದ ಕೆರೆದರೂ ಪೆಡಲು ಕಚ್ಚಲಿಲ್ಲ. ನನ್ನ ಬೂಟು ಭಾರವಾಯಿತೇ ಹೊರತು ಮುನಿಸಿಕೊಳ್ಳಲಿಲ್ಲ. ರಾತ್ರಿ ತಂಗಿದ ಕಡೆ ಒದ್ದೆ ಬೂಟಿನೊಳಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿದೆ. ಬೆಂಕಿಗೆ ಹಿಡಿದರೆ ಚರ್ಮ ಸೆಟೆದು ಬಿರಿಯುತ್ತದೆ, ಕಾಗದವಾದರೋ ಸದ್ದಿಲ್ಲದೆ ನೀರು ಕುಡಿಯುತ್ತದೆ. ಒಂದೆರಡು ಗಂಟೆಗೊಮ್ಮೆ ಹಾಳೆ ಬದಲಿಸಬೇಕು. ರಾಜಕೀಯದ ಪುಟ, ಕ್ರೀಡೆಯ ಪುಟ, ಜಾಹೀರಾತು ಎಲ್ಲ ಮುಗಿದು, ಕೊನೆಗೆ ಸಾಹಿತ್ಯ ಪುರವಣಿಯ ಸರದಿಯೂ ಬಂತು. ನೀರು ಹೀರುವುದರಲ್ಲಿ ಅದು ಯಾವ ಪುಟಕ್ಕೂ ಕಡಿಮೆಯೆನಿಸಲಿಲ್ಲ. ಬೆಳಗ್ಗೆ ಬೂಟುಗಳನ್ನು ಬೋರಲು ಹಾಕಿ ಕೊಡವಿದಾಗ ಒಂದು ಪುಟ್ಟ ಕಪ್ಪೆ ಹೊರಗೆ ನೆಗೆಯಿತು. ಕಾಡಂಚಿನ ಊರುಗಳಲ್ಲಿ ಕೊಡವದೆ ತೊಡಬಾರದು; ಚೇಳಾಗಿದ್ದರೆ ಅದು ಹಾಗೆ ನೆಗೆದು ಹೋಗುತ್ತಿರಲಿಲ್ಲ.

ಈಗ ಸೋದರಳಿಯ ಗುಳಿಯೊಳಗೆ ಕ್ಲೀಟು ಅಡಗಿದ ಬೂಟು ಕೊಂಡಿದ್ದಾನೆ. ಅದು ಚೆನ್ನಾಗಿದೆ, ಅದರಲ್ಲಿ ಅವನು ತರಕಾರಿ ಮಾರ್ಕೆಟ್ಟಿಗೂ ಹೋಗಿಬರುತ್ತಾನೆ. ನನ್ನದು ಬಾಗಿಲ ಹೊರಗಿದೆ. ಎಷ್ಟು ಸುತ್ತಿಬಂದರೂ ಹೊಸಿಲು ದಾಟುವ ಹಕ್ಕು ಅದಕ್ಕೆ ನಮ್ಮ ಮನೆಯಲ್ಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ಹೆಂಡತಿ ಕನ್ನಡಿ ತಂದು ನನ್ನ ಅಂಗಾಲನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಬೆಳಗ್ಗೆ ಹೊರಡುವ ಮುಂಚೆ ನಾನು ಬೂಟಿನೊಳಗೆ ಕೈ ಹಾಕಿ ಮೂತಿಯವರೆಗೂ ತಡವುತ್ತೇನೆ. ಇಷ್ಟಾದ ಮೇಲೆ ಎಷ್ಟು ದೂರವಾದರೂ ಹೋಗಿಬರಬಹುದು.