ಕಾರಿಡಾರ್ ಹೊಲ

ನಮ್ಮ ಕಡೆ ಹೊಲಕ್ಕೂ ಹೆಸರಿರುತ್ತದೆ. ಆಲದಮರದ ಹೊಲ, ಮಾರಮ್ಮನ ಹೊಲ, ಕಟ್ಟೆ ಹಿಂದಲ ಗದ್ದೆ. ಮದ್ದೂರಿನಿಂದ ನಾಲ್ಕು ಮೈಲಿ ಒಳಗಿರುವ ದೊಡ್ಡಪ್ಪನ ಎರಡೆಕರೆ ಖುಷ್ಕಿಯ ಹೆಸರು ಕಾರಿಡಾರ್. 'ಹಸ ಕಾರಿಡಾರಿಗೆ ನುಗ್ಗೈತೆ' ಎಂದು ಹುಡುಗರು ಕೂಗುವುದನ್ನು ಮೊನ್ನೆ ಹೋದಾಗಲೂ ಕೇಳಿದೆ.

ಹೆಸರು ಬಂದದ್ದು ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಯಿಂದ. 1995ರಲ್ಲಿ ಒಡಂಬಡಿಕೆ, 1997ರಲ್ಲಿ ಕರಾರು: ಬೆಂಗಳೂರಿನಿಂದ ಮೈಸೂರಿಗೆ 111 ಕಿಲೋಮೀಟರ್ ಹೊಸ ರಸ್ತೆ, ಅದರ ಮಗ್ಗುಲಲ್ಲಿ ಐದು ಹೊಸ ಊರು, ಎಲ್ಲ ಸೇರಿ 20,193 ಎಕರೆ. ಅದರಲ್ಲಿ ನಿನ್ನ ಎರಡೂ ಸೇರಿವೆ ಎಂದು ಟೀ ಅಂಗಡಿಯಲ್ಲಿ ಯಾರೋ ದೊಡ್ಡಪ್ಪನ ಕಿವಿಗೆ ಹಾಕಿದರು. ಅಲ್ಲಿಗೆ ಬೋರು ಕೊರೆಸುವುದು ನಿಂತಿತು, ತರಿಸಿದ್ದ ತೆಂಗಿನ ಸಸಿ ಬೇರೆಯವರ ಪಾಲಾಯಿತು. 'ಬುಲ್ಡೋಜರ್ ಬಂದು ಕಿತ್ತಾಕೋಕೆ ನಾನ್ಯಾಕ್ಲಾ ಗುಂಡಿ ತೋಡ್ಲಿ?'

ಬರಲಿರುವ ಊರಿನ ಮೇಲೆ ಮಾತ್ರ ವಿಪರೀತ ಮಮತೆ. ಬೇಸಿಗೆ ರಜೆಯಲ್ಲಿ ನನ್ನನ್ನು ಕರೆದೊಯ್ದು ಕೋಲು ಚಾಚಿ ತೋರಿಸುತ್ತಿದ್ದ. ಇಲ್ಲಿ ಬಸ್‌ಸ್ಟ್ಯಾಂಡು, ಬೇವಿನ ಬುಡದಲ್ಲಿ ಆಸ್ಪತ್ರೆ, ಹುತ್ತ ಬಿಟ್ಟು ಉಳಿದದ್ದು ಸಿನಿಮಾ ಟಾಕೀಸು. ಹುತ್ತ ಬಿಡಬೇಕು, ಯಾಕೆಂದರೆ ನಾಗಪ್ಪನಿಗೆ ಪರಿಹಾರ ಕೊಡಲು ಕಾಯ್ದೆಯಲ್ಲಿ ಜಾಗವಿಲ್ಲವಂತೆ.

ಅವನನ್ನು ಕಂಡು ನಗುವುದು ಸುಲಭ. ಆದರೆ ಅವನಪ್ಪ ಕನ್ನಂಬಾಡಿ ನೀರು ಬಂದದ್ದನ್ನು ಕಣ್ಣಾರೆ ಕಂಡವನು. ಕಾಗದದ ಮೇಲಿದ್ದ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ನಿಜವಾಗಿ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ರಾಗಿಯ ನೆಲ ಕಬ್ಬಿನ ಗದ್ದೆಯಾಯಿತು. ನಮ್ಮ ಹೊಲ ದಿಣ್ಣೆ, ನೀರು ಹತ್ತಲಿಲ್ಲ ಅಷ್ಟೆ. ಗೆರೆ ಎಳೆದವರು ನೀರನ್ನೇ ತಂದಮೇಲೆ ಟಾರು ತರುವುದೇನು ಮಹಾ?

ಆ ರಸ್ತೆ ಬೆಂಗಳೂರಿನ ಸುತ್ತಮುತ್ತಲೇ ಉಳಿಯಿತು. ನಮ್ಮಲ್ಲಿಗೆ ಬಂದದ್ದು ಬೇರೆಯದೇ ಹೆದ್ದಾರಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು. ಮದ್ದೂರು, ಮಂಡ್ಯ ಎರಡನ್ನೂ ಪಕ್ಕಕ್ಕೆ ಬಿಟ್ಟು ಓಡುತ್ತದೆ. ಹಳೇ ರಸ್ತೆಯ ವಡೆ ಅಂಗಡಿಗಳ ಕಡೆ ಅದಕ್ಕೆ ಕಣ್ಣಿಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವೂ ಇಲ್ಲ. ದೊಡ್ಡಪ್ಪ ತನ್ನ ಟಿವಿಎಸ್ ನಿಲ್ಲಿಸಿ, ತಂತಿಬೇಲಿ ಹಿಡಿದು, ಹೋಗುವ ಕಾರುಗಳನ್ನು ಬಹಳ ಹೊತ್ತು ನೋಡಿದನಂತೆ. 'ಇದಲ್ಲ ಕಲಾ, ನಮ್ದು ಬ್ಯಾರೆ.'

ಆವತ್ತು ನೆಟ್ಟಿದ್ದರೆ ಆ ತೆಂಗು ಇವತ್ತು ಎಷ್ಟು ಕಾಯಿ ಕೆಡವಿರುತ್ತಿತ್ತೋ! ನನಗೆ ಸಿಟ್ಟು ಬರುವುದು ಅಲ್ಲಿ. ಬರುವುದಿಲ್ಲ ಎಂದು ಹೇಳಿ ಕಳಿಸುವ ಪದ್ಧತಿ ಯೋಜನೆಗಳಿಗಿಲ್ಲ.

ಹೊಲದಲ್ಲಿ ಈ ಸಲ ಹುರುಳಿ ಚೆಲ್ಲಿದ್ದಾನೆ. ಮೂರು ತಿಂಗಳ ಬೆಳೆ; ಅಷ್ಟರಲ್ಲಿ ಅವರು ಬಂದರೂ ಕುಯ್ಲು ಮುಗಿದಿರುತ್ತದಂತೆ.