ತುಂಗಭದ್ರೆಯ ತೀರದಲ್ಲಿ ಮೀನುಮರಿಗಳ ಪಾಲನೆ

ಹೊಸಪೇಟೆಗೆ ಬರುವ ಯಾತ್ರಿಕರು ಹಂಪೆಯ ವಿರೂಪಾಕ್ಷನ ದರ್ಶನ ಮಾಡಿ, ತುಂಗಭದ್ರಾ ಅಣೆಕಟ್ಟನ್ನು ನೋಡಿಕೊಂಡು ಹಿಂದಿರುಗುವುದು ವಾಡಿಕೆ. 1953ರಲ್ಲಿ ನೀರು ನಿಲ್ಲಿಸಲಾರಂಭಿಸಿದ ಆ ಜಲಾಶಯವನ್ನು ಕಾಣದವರು ವಿರಳ. ಅದರ ಸಮೀಪದಲ್ಲಿ ತುಂಗಭದ್ರಾ ಮಂಡಳಿಯವರು ನಡೆಸುವ ಮೀನುಮರಿ ಕೇಂದ್ರವನ್ನು ಕಂಡವರು ಅದಕ್ಕಿಂತಲೂ ವಿರಳ. ಕಳೆದ ಶ್ರಾವಣದಲ್ಲಿ ನಾವು ಅದನ್ನು ನೋಡಿ ಬಂದೆವು.

ಮತ್ಸ್ಯಾಹಾರವಿಲ್ಲದ ಮನೆಯವರಿಗೆ ಈ ವಿಚಾರವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ಮನೆಯೂ ಅಂತಹುದೇ. ಆದರೂ ಜಲಾಶಯವನ್ನೇ ನಂಬಿದ ಬೆಸ್ತರ ಮನೆಗಳಲ್ಲಿ ಒಲೆ ಉರಿಯುವುದು ಈ ಮರಿಗಳಿಂದ. ಮೇಲಾಗಿ, ಶಿಶುಪಾಲನೆಯ ಮಾತು ಯಾವ ಗೃಹಸ್ಥನಿಗೆ ತಾನೇ ಅನ್ಯವಾದೀತು?

ಇಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಎಂಬುವು ಮೂಲತಃ ಗಂಗಾಪ್ರಾಂತದ ಮೀನುಗಳು. ರೋಹುವೇ ಸಂಸ್ಕೃತದ ರೋಹಿತ. ಇವು ಮಳೆಗಾಲದ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವುವಲ್ಲದೆ, ನಿಂತ ಕೊಳದಲ್ಲಿ ತಾವಾಗಿ ಇಡುವುದಿಲ್ಲ. ಆದುದರಿಂದ ಹಿಂದೆ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ತರಬೇಕಾಗಿದ್ದಿತು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರೂ ಅವರ ಸಹೋದ್ಯೋಗಿಗಳೂ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ತಾಯಿಮೀನಿಗೆ ಚುಚ್ಚಿ, ಕೊಳದ ಮೀನಿನಿಂದಲೇ ಮೊಟ್ಟೆಯಿಡಿಸಿದರು. ಅಂದಿನಿಂದ ಈ ಕಾರ್ಯ ಸುಲಭವಾಯಿತು.

ಮೊಟ್ಟೆಯೊಡೆಯಲು ಒಂದು ದಿನವೂ ಬೇಡ. ಮುಂದೆ ಸುಮಾರು ಮೂರು ದಿನ ಮರಿಗೆ ಹೊರಗಿನ ಆಹಾರ ಬೇಡ. ಹೊಟ್ಟೆಯ ಕೆಳಗಿನ ಹಳದಿಯ ಚೀಲವೇ ತಾಯಿ ಕಟ್ಟಿಕೊಟ್ಟ ಬುತ್ತಿ. ಅದು ತೀರಿದೊಡನೆ ಅದನ್ನು ಪಾಲನೆಯ ಕೊಳಕ್ಕೆ ಬಿಡುವರು. ಆ ಕೊಳವನ್ನು ಮೊದಲೇ ಒಣಗಿಸಿ, ಸುಣ್ಣ ಚೆಲ್ಲಿ, ಸಗಣಿ ಹಾಕಿ ನೀರು ತುಂಬಿರುವರು. ಸಗಣಿಯ ಸಾರದಿಂದ ನೀರು ಹಸುರಾಗಿ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹುಟ್ಟುವುವು. ಇವೇ ಮರಿಗೆ ಮೊದಲ ತುತ್ತು. ಮರಿಗಳನ್ನು ಕಚ್ಚಿ ಕೊಲ್ಲುವ ನೀರುಹುಳುಗಳನ್ನು ನೀಗಲು ಸೋಪು ಬೆರೆಸಿದ ಎಣ್ಣೆಯನ್ನು ನೀರಿನ ಮೇಲೆ ಮುಂಚಿತವಾಗಿ ಹರಡುವುದೂ ಉಂಟು.

ಮೇಲೂಟವೆಂದರೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿಯ ತೌಡು. ಎರಡನ್ನೂ ಸಮತೂಕವಾಗಿ ಬೆರೆಸಿ, ನುಣ್ಣಗೆ ಜರಡಿಯಾಡಿ ಎರಚುವರು. ಮರಿ ಬೆಳೆದಂತೆಲ್ಲ ಅಳತೆಯೂ ಏರುವುದು. ಆದರೆ ಮಿಕ್ಕ ಹಿಂಡಿ ಕೊಳೆತು ನೀರಿನ ಪ್ರಾಣವಾಯುವನ್ನು ಹೀರುವುದರಿಂದ, ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿಬಿಡುವುವು. “ಗುರುಗಳೇ, ಪ್ರೀತಿ ಹೆಚ್ಚಾದರೂ ಮರಿ ಉಳಿಯೋದಿಲ್ಲ” ಎಂದನು ಅಲ್ಲಿನ ಕೆಲಸದವನು. ಎರಡು ಮೂರು ವಾರಗಳಲ್ಲಿ ಮರಿ ಒಂದಂಗುಲವಾಗುವುದು. ಎರಡು ಮೂರು ತಿಂಗಳಲ್ಲಿ ನಾಲ್ಕಂಗುಲ. ಅಷ್ಟಾಗದೆ ಜಲಾಶಯಕ್ಕೆ ಬಿಟ್ಟರೆ ಬಾಳೆಮೀನಿನಂತಹ ಹಿಂಸ್ರಮತ್ಸ್ಯಗಳ ಬಾಯಿಗೆ ಬೀಳುವುದು.

ಮೀನಿಗೆ ಉಣಿಸುವ ವಿದ್ಯೆ ಈ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳ ಜಾತಿಗಳನ್ನೂ ಅವುಗಳಿಗೆ ಹಾಕತಕ್ಕ ಆಹಾರವನ್ನೂ ಹೇಳಿರುವನು. ಅರಸನಿಗೆ ವಿನೋದವಾಗಿದ್ದುದು ಇಂದು ಬಡವರಿಗೆ ಜೀವನವಾಗಿದೆ.

ಹಂಪೆಯಿಂದ ಕಂಪ್ಲಿಯ ದಾರಿ ಹಿಡಿದರೆ ಬತ್ತದ ಗದ್ದೆಗಳ ಸೊಬಗು ಕಣ್ತುಂಬುವುದು. ಅಕ್ಕಿಯ ನಾಡಿನಲ್ಲಿ ತೌಡಿಗೇನು ಕೊರತೆ? ಕಂಪ್ಲಿಯವರೆಗಿನ ಹೊಳೆಯ ಭಾಗವನ್ನು 2015ರಲ್ಲಿ ನೀರುನಾಯಿಗಳ ರಕ್ಷಣೆಗಾಗಿ ಮೀಸಲಿಟ್ಟಿರುವರು. ಮೀನಿಲ್ಲದೆ ಅವೂ ಬದುಕಲಾರವು. ಸಂಡೂರಿನ ಬೆಟ್ಟಗಳ ನಡುವೆ ನಾರಿಹಳ್ಳದ ಜಲಾಶಯವಿರುವುದಷ್ಟೆ. ಅಂತಹ ನಿಂತ ನೀರಿನಲ್ಲಿ ಈ ಜಾತಿಯ ಮೀನು ಬೇಕಾದರೆ ಮರಿಯನ್ನು ಹೊರಗಿನಿಂದಲೇ ತಂದು ಬಿಡಬೇಕು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋಗಿ ಅಪಾರ ಜಲರಾಶಿ ಹರಿದುದನ್ನು ವಾಚಕರು ಬಲ್ಲರು. ಬಾಗಿಲನ್ನು ಕೂಡಿಸಬಹುದು. ಆದರೆ ಅಲಿವಿಯಂತಹ ಕಿರುಗಣ್ಣಿನ ಬಲೆಗಳು ವರ್ಷವರ್ಷವೂ ಬಾಚುವ ಎಳೆಮರಿಗಳ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಡೆ ಜರಡಿಯಾಡಿ ಉಣಿಸಿ ಬೆಳೆಸಿದುದನ್ನು ಇನ್ನೊಂದು ಕಡೆ ಬಾಚಿಬಿಟ್ಟರೆ ಪಾಲನೆಯ ಫಲವೇನು? ಇಂದು ಬಲೆಯ ಕಣ್ಣನ್ನು ಹಿರಿದಾಗಿಸಿದ ಬೆಸ್ತನ ಮಕ್ಕಳಿಗೆ ನಾಳೆ ತುಂಗಭದ್ರೆಯು ತುಂಬಿದ ಬಲೆಯನ್ನೇ ಕೊಡುವಳು.